ಮಾವನ ಹೆಸರಿನ ಮೇಲೆ ನಿಂತು

ಹಲೋ... ಹಲೋ? ಯಾರು ಮಾತಾಡ್ತಿರೋದು?... ಸ್ವಲ್ಪ ಜೋರಾಗಿ ಹೇಳಮ್ಮಾ, ಇಲ್ಲಿ ಹೊಳೆ ಸದ್ದು... ರಕ್ಷಣಾ ದಳದೋರಾ? ಸದ್ಯ, ಬದುಕ್ದೆ. ಈಗ ತಾನೇ ಮಾಡಿದಾಗ ಯಾರೋ ಎತ್ತಿ, ಕುರಿ ಎಲ್ಲಾ ಮಾರಿಹೋಯ್ತು ಅಂತ ಇಟ್ಟುಬಿಟ್ರು.

... ನಾನಾ? ಬುರುಲ್. ಹಾಂ, ಬುರುಲ್, ತಿರುಗು ಅಂತೀವಲ್ಲ, ಅದೇ. ನಮ್ಮ ತೌರಲ್ಲಿ ಸಾಲಾಗಿ ಹೆಣ್ಣೇ ಹುಟ್ಟಿದ್ವು, ಇನ್ನಾದ್ರೂ ಗಂಡಿನ ಕಡೆ ತಿರುಗ್ಲಿ ಅಂತ ನನಗೆ ಈ ಹೆಸರಿಟ್ರು... ತಿರುಗ್ತು, ತಿರುಗ್ತು, ನನ್ನ ಬೆನ್ನಿಗೆ ತಮ್ಮ ಹುಟ್ಟಿದ. ಅದಿರ್ಲಿ ಬಿಡಿ. ನಮ್ಮ ಮಾವ ಕಾಣಿಸ್ತಿಲ್ಲ.

... ಊಟಕ್ಕೆ ಮುಂಚೆ ಹೋದೋರು. ವಯಸ್ಸಾಗಿದೆ, ಎರಡೂ ಕಣ್ಣಿಗೆ ಪೊರೆ ಬಂದಿದೆ. ಎದುರಿಗೆ ಒಂಟೆ ನಿಂತ್ರೆ ಇದು ಯಾರ ಕುದುರೆ ಅಂತ ಕೇಳ್ತಾರೆ. ಮೋಡ ಬೇರೆ ಕವಿದಿದೆ. ಹೊಳೆ ಬೆಳಿಗ್ಗೆ ಮೊಣಕಾಲುದ್ದ ಇತ್ತು, ಬಿಸಿಲಿಗೆ ಮೇಲಿನ ಹಿಮ ಕರಗಿ ಈಗ ಸೊಂಟ ಮುಟ್ಟೋ ಹಾಗಿದೆ. ಆ ಕಣ್ಣಿಟ್ಕೊಂಡು ಅದರೊಳಗೆ ಒಂದು ಕಾಲಿಟ್ರೂ ಮುಗೀತು ನಾಜಿಕ್... ನಾಜಿಕ್ ಅಂದ್ರಲ್ವಾ ನಿಮ್ಮ ಹೆಸರು? ನನಗೆ ಭಯ ಆಗ್ತಿದೆ ಕಣಮ್ಮ.

... ಎಲ್ಲಿ ಅಂದ್ರೆ, ಉದ್ಯಾನದಲ್ಲಿ. ರಾಷ್ಟ್ರೀಯ ಉದ್ಯಾನ... ಆಲಾ-ಆರ್ಚಾ ಅಲ್ಲ, ಅದು ಮುಗಿಸ್ಕೊಂಡು ಬಂದ್ವಿ. ಚೋನ್-ಕೆಮಿನ್ನೂ ಆಯ್ತು. ಇದು ಮೂರನೇದು, ತಲಾಸ್ ಕಡೇದು. ಏಳು... ಏಳು... ಏಳು ಗಟ್ಟಿ.

... ಏಳು ಗಟ್ಟಿ. ಗಟ್ಟಿ... ಇಲ್ಲಮ್ಮ, ಗಟ್ಟಿಯಾಗಿ ಹೇಳಿ ಅಂದ್ರೆ ಇನ್ನೆಷ್ಟು ಗಟ್ಟಿಯಾಗಿ ಹೇಳ್ಲಿ, ಗಂಟಲು ಹರಿದುಹೋಗ್ತಿದೆ. ಹೆಸರೇ ಗಟ್ಟಿ. ಗಟ್ಟಿಯಾಗಿರುತ್ತಲ್ಲ, ಆ ಗಟ್ಟಿ.

... ಕುಡಿದಿಲ್ಲ ನಾನು. ಕುದುರೆ ಹಾಲಿನ ಕುಮಿಸ್ ಕೂಡ ಮುಟ್ಟಿಲ್ಲ, ಕಾರು ಓಡಿಸ್ತಿರೋಳು.

... ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮಗೆ ಮದುವೆ ಆಗಿದ್ಯಾ?... ಕಾರಣ ಇದೆ, ಅದಕ್ಕೇ ಕೇಳ್ದೆ... ಆಗಿಲ್ಲ. ಹಂಗನ್ನಿ. ನಿಮ್ಮ ತಾಯಿ ನಿಮ್ಮ ಅಜ್ಜನ ಹೆಸರು ಹಿಡಿದು ಮಾತಾಡ್ತಾರಾ?... ಮಾತಾಡ್ತಾರಾ? ಪಟ್ಟಣದೋರು, ಸರಿ ಬಿಡಿ. ನಮ್ಮ ಕಡೆ ಸೊಸೆ ಆದೋಳು ಮಾವನ ಹೆಸರು ಹೇಳೋ ಹಾಗಿಲ್ಲ. ಹೆಸರು ಅಷ್ಟೇ ಅಲ್ಲ, ಆ ಹೆಸರೊಳಗೆ ಯಾವ ಮಾತಿದೆಯೋ ಅದನ್ನೂ ಬಾಯಿಗೆ ತರೋ ಹಾಗಿಲ್ಲ. ಈ ಕಣಿವೆ ಹೆಸರಿನೊಳಗೆ ನಮ್ಮ ಮಾವನ ಹೆಸರು ಕೂತಿದೆ. ಏಳು ಅನ್ನಬಹುದು, ಏಳರ ಮೇಲೆ ನನಗೇನೂ ಹಗೆ ಇಲ್ಲ. ಏಳು ಆದ್ಮೇಲೆ ಬರೋದಿದೆಯಲ್ಲ, ಅದು ಆಗಲ್ಲ.

... ಇದು ಯಾವ ಕಾಲ ಅಂತ ನನಗೂ ಗೊತ್ತು ಕಣಮ್ಮ. ಆದ್ರೆ ಅತ್ತೆ ಇಲ್ಲೇ ಕೆಳಗೆ ನಿಂತು ನನ್ನ ಬಾಯಿ ನೋಡ್ತಿದ್ದಾರೆ, ಅವರಿಗೆ ಯಾರು ಹೇಳ್ಬೇಕು. ನಮ್ಮ ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದಾರೆ, ನಮ್ಮ ಸೊಸೆ ಬಾಯಲ್ಲಿ ಯಜಮಾನರ ಹೆಸರು ಕನಸಿನಲ್ಲೂ ಬಂದಿಲ್ಲ ಅಂತ. ಕನಸಿನಲ್ಲಿ ನಾನೇನು ಮಾತಾಡ್ತೀನಿ ಅಂತ ಅವರಿಗೆ ಹೇಗೆ ಗೊತ್ತೋ, ನನಗೆ ಗೊತ್ತಿಲ್ಲ.

... ಅವರೂ ಹೇಳಲ್ಲ. ಗಂಡನ ಹೆಸರು ಹೆಂಡತಿ ಹೇಳ್ತಾಳಾ? ಅವರದ್ದು ನನಗಿಂತ ಹಳೇ ವ್ರತ.

... ಸುಳಿವು ಕೊಡ್ತೀನಿ, ನೀವೇ ಹೇಳಿ. ಮನೆ ಕಟ್ಟುವಾಗ ಅಡಿಪಾಯಕ್ಕೆ ಹಾಕ್ತಾರೆ... ಇಟ್ಟಿಗೆ ಅಲ್ಲ... ಮರ ಯಾರು ಅಡಿಪಾಯಕ್ಕೆ ಹಾಕ್ತಾರೆ, ನಿಮ್ಮನೇಲಿ ಹಾಕಿದ್ದಾರಾ? ಇನ್ನೊಂದು ಕೇಳಿ. ನಾಯಿ ಕಂಡಾಗ ಅದು ಸಿಗಲ್ಲ, ಅದು ಸಿಕ್ಕಾಗ ನಾಯಿ ಇರಲ್ಲ... ಹಾಂ. ಹಾಂ, ಅದೇ. ಅದು ಏಳು. ಅಬ್ಬಾ, ಎಷ್ಟು ಸಲೀಸಾಗಿ ಹೇಳಿಬಿಟ್ರಿ. ಕೇಳಿದ್ದಕ್ಕೇ ನನಗೆ ನಾಚಿಕೆ ಆಯ್ತು.

... ಜೀಪು ಹೊರಡ್ತಾ? ದೇವರು ಒಳ್ಳೇದು ಮಾಡ್ಲಿ. ಬರೋಕೆ ಎಷ್ಟೊತ್ತು?... ಅಷ್ಟೊಂದಾ. ಅಷ್ಟೊತ್ತಿಗೆ ಇಲ್ಲಿ ಕತ್ತಲಾಗುತ್ತಲ್ಲ.

... ನಾನು ನಿಂತಿರೋ ಜಾಗವಾ? ಕಾರಿಂದ ಸ್ವಲ್ಪ ಮೇಲೆ. ಇಡೀ ಕಣಿವೇಲಿ ಸಿಗ್ನಲ್ ಸಿಗೋದು ಇದೊಂದೇ ಕಡೆ. ಒಂದರ ಮೇಲೆ ಹತ್ತಿ ನಿಂತಿದ್ದೀನಿ, ಇಳಿದ್ರೆ ಲೈನ್ ಹೋಗುತ್ತೆ. ಅದಕ್ಕೇ ಹುಡುಕೋಕೂ ಹೋಗಕ್ಕಾಗ್ತಿಲ್ಲ... ಯಾವುದರ ಮೇಲೆ ಅಂದ್ರೆ, ಏಳರಲ್ಲಿ ಒಂದರ ಮೇಲೆ... ನಗಬೇಡಿ ನಾಜಿಕ್. ಅತ್ತೆ ಆಗ್ಲೇ ಬೈದಾಯ್ತು, ಮಾವನ ಹೆಸರನ್ನ ತುಳ್ಕೊಂಡು ನಿಂತಿದ್ದೀಯಲ್ಲೇ, ಚಪ್ಪಲಿ ಆದ್ರೂ ಬಿಡೇ ಅಂತ. ಬಿಟ್ಟಿದ್ದೀನಿ. ಕಾಲಿಗೆ ಥಂಡಿ ಹಿಡೀತಿದೆ.

... ಹೇಗೆ ತಪ್ಪಿಸ್ಕೊಂಡ್ರು ಅಂದ್ರೆ, ನನ್ನ ಹೆಸರಿಂದ. ಇವರ ಹೆಸರಿಂದ ಬಾಯಿ ಕಟ್ಟಿತು, ನನ್ನ ಹೆಸರಿಂದ ಕಾರು ಕೆಟ್ಟಿತು. ಕೇಳಿ. ನಾನು ಓಡಿಸ್ತಿದ್ದೆ, ಮಾವ ಪಕ್ಕದಲ್ಲಿ, ಅತ್ತೆ ಹಿಂದೆ ಕರಿದ ಹಿಟ್ಟಿನ ಬೋರ್ಸೋಕ್ ಗಂಟು ತೊಡೆ ಮೇಲಿಟ್ಕೊಂಡು. ಎಡಕ್ಕೆ ಬೆಟ್ಟ, ಬಲಕ್ಕೆ ಮೋರಿ. ಮಾವನಿಗೆ ಬಾಯಾರಿಕೆ ಆಯ್ತು, ಚಹಾ ಕೊಡು ಅನ್ನೋಕೆ ಮೊದಲು ಹೆಸರು ಹಿಡಿದು ಕರೆದ್ರು. ಬುರುಲ್. ನೀವೇ ಹೇಳಿ, ಸ್ಟೀರಿಂಗ್ ಹಿಡಿದೋಳಿಗೆ ತಿರುಗು ಅಂದ್ರೆ ಅವಳೇನು ಮಾಡ್ಬೇಕು? ನನಗೆ ಗಾಡಿ ಕಲಿಸಿದ ಗುರು ಅವರು, ಅವರು ತಿರುಗು ಅಂದ್ರೆ ನನ್ನ ಕೈ ನನ್ನನ್ನ ಕೇಳಲ್ಲ. ತಿರುಗಿಸ್ದೆ. ಮೋರಿ ಯಾವ ಕಡೆ ಇತ್ತೋ ಆ ಕಡೆಗೇ ತಿರುಗಿಸ್ದೆ.

... ಯಾರಿಗೂ ಏಟಾಗಿಲ್ಲ. ಬೋರ್ಸೋಕ್ ಚೆಲ್ತು. ಮಾವ ಇಳಿದು, ಚಕ್ರ ಕೈಯಲ್ಲಿ ತಡವಿ ನೋಡಿ, ನಿನಗೆ ಸ್ಟೀರಿಂಗ್ ಕೊಟ್ಟಿದ್ದೇ ನಾನು ಮಾಡಿದ ತಪ್ಪು ಅಂದ್ರು. ಅಷ್ಟೇ. ಕುದುರೆ ಇರೋರು ಯಾರಾದ್ರೂ ಸಿಕ್ಕಿದ್ರೆ ಹಗ್ಗ ಕಟ್ಟಿ ಎಳಿಸ್ತೀನಿ ಅಂತ ಒಬ್ರೇ ಹೊರಟುಬಿಟ್ರು.

... ನಾನೇನು ಹೇಳ್ಲಿ? ಸೊಸೆ ಎದುರು ಮಾತಾಡ್ತಾಳಾ? ಚೆಲ್ಲಿದ್ದ ಬೋರ್ಸೋಕ್ ಆರಿಸ್ದೆ. ಆದ್ರೆ ಆ ಮಾತು ಚುಚ್ಚಿತು ನಾಜಿಕ್, ಸುಳ್ಳು ಯಾಕೆ ಹೇಳ್ಲಿ. ನಮ್ಮಪ್ಪ ನನಗೆ ಸೈಕಲ್ ಮುಟ್ಟೋಕೂ ಬಿಡ್ಲಿಲ್ಲ. ನನ್ನ ಗಂಡ, ನಿನಗ್ಯಾಕೆ ಅದೆಲ್ಲ, ಅಂದ. ಈ ಮುದುಕರು ಒಬ್ರೇ, ಬಾ ಮಗಳೇ, ಗೇರ್ ಅಂದ್ರೆ ಹಸುವಿನ ಮೊಲೆ ಇದ್ದಂಗೆ, ಎಳೀಬಾರ್ದು, ಕೇಳ್ಬೇಕು ಅಂತ ಹೇಳಿ ಕೀ ಕೈಗಿಟ್ರು. ಜೀವಮಾನವೆಲ್ಲ ಕಲ್ಲಿ... ಇದ್ದಿಲ ಲಾರಿ ಓಡಿಸಿದೋರು. ನೋಡಿ, ನಾಲಿಗೆ ಜಾರ್ತಿತ್ತು, ಹಿಡ್ಕೊಂಡೆ.

... ಅದೇ ಹೇಳ್ತಿದ್ದೀನಿ. ಲಾರಿಲಿ ಈ ಉದ್ಯಾನಗಳ ಬಾಗಿಲ ಮುಂದೆ ಸಾವಿರ ಸಲ ಹೋಗಿದ್ದಾರೆ, ಒಂದು ಸಲವೂ ಒಳಗೆ ಹೋಗಿಲ್ಲ. ಕಣ್ಣು ಪೂರ್ತಿ ಹೋಗೋಕ್ಮುಂಚೆ ಎಲ್ಲಾ ತೋರಿಸು ಅಂದ್ರು. ಕರ್ಕೊಂಡು ಹೊರಟೆ. ಏನು ನೋಡಿದ್ರು ಅಂತೀರಿ? ಆಲಾ-ಆರ್ಚಾದಲ್ಲಿ ಹಿಮದ ಶಿಖರದ ಕಡೆ ಮುಖ ಎತ್ತಲಿಲ್ಲ, ಈ ತಿರುವಿಗೆ ತಡೆಗೋಡೆ ಹಾಕಿಲ್ಲವಲ್ಲ ಅಂದ್ರು. ಚೋನ್-ಕೆಮಿನ್‌ನಲ್ಲಿ ಇಳಿದು ಒಂದು ಸೇತುವೇನ ಒದ್ದು ನೋಡಿದ್ರು. ಜನ ದುಡ್ಡು ಕೊಟ್ಟು ಬಂದು ಬೆಟ್ಟದ ಪಟ ತೆಗೀತಿದ್ರೆ ನಮ್ಮ ಮಾವ ಟಾರು ಮೂಸ್ತಿದ್ರು.

... ಉಡುಪಾ? ಕಂದು ಕೋಟು, ಉದ್ದ ಬೂಟು, ತಲೆ ಮೇಲೆ ಕಲ್ಪಾಕ್... ಕಲ್ಪಾಕಿನ ಬಣ್ಣ ಹಾಲಿನ ಬಣ್ಣ... ಕೆನೆ ಅಲ್ಲ, ಹಾಲು. ನೀರು ಬೆರೆಸದ ಹಾಲು... ಅದನ್ನೂ ಹೇಳೋ ಹಾಗಿಲ್ಲ. ಅದು ದೊಡ್ಡ ಭಾವನ ಹೆಸರಲ್ಲಿದೆ. ದೊಡ್ಡ ಭಾವನ ಹೆಸರು ಎರಡು ಮಾತಿನದು, ಮುಂದಿನ ಅರ್ಧ ಹಾಲಿನ ಬಣ್ಣ, ಹಿಂದಿನ ಅರ್ಧ ಗಾಡಿ ಓಡೋ ಜಾಗ. ಹಂಗಾಗಿ ನಾನು ಗಾಡಿ ಓಡಿಸ್ತೀನಿ, ಯಾವುದರ ಮೇಲೆ ಓಡಿಸ್ತೀನಿ ಅಂತ ಮಾತ್ರ ಹೇಳೋಕಾಗಲ್ಲ. ಲೈಸೆನ್ಸ್ ಪರೀಕ್ಷೇಲೂ ಹಿಂಗೇ ಆಯ್ತು. ಅಧಿಕಾರಿ ನನ್ನನ್ನ ತೊದಲಿ ಅಂದ್ಕೊಂಡು ಪಾಪ ಅಂತ ಪಾಸು ಮಾಡಿದ್ರು.

... ಕೂಗಿದ್ವಿ. ಕೂಗದೆ ಇರ್ತೀವಾ? ಅಪ್ಪಾ, ಅಪ್ಪಾ ಅಂತ ನಾನು ಕೂಗಿದೆ. ಕಣಿವೇಲಿರೋ ಮುದುಕರೆಲ್ಲ ತಿರುಗಿ ನೋಡಿದ್ರು, ನಮ್ಮ ಮುದುಕ ಒಬ್ರು ಬಿಟ್ಟು. ಆ ಕಡೆ ಒಂದು ಸಂಸಾರ ಕಂಬಳಿ ಹಾಸಿ ಕೂತು ಹಣ್ಣು ಕೊಯ್ತಿತ್ತು, ಹಸಿರು ಸಿಪ್ಪೆ ಕೆಂಪು ತಿರುಳು, ಅದೇ, ಅಂಗಡಿ ಹಣ್ಣು, ಅದರ ಹೆಸರಿಗೂ ಮುಂದೆ ಇದೇ ಪೀಡೆ ಅಂಟ್ಕೊಂಡಿದೆ. ಅವರ ಅಜ್ಜ ಒಬ್ರು ಇದ್ದಾರೆ. ನಾನು ಕೂಗಿದಾಗೆಲ್ಲ ಬಾಯ್ತುಂಬ ಹಣ್ಣಿಟ್ಕೊಂಡು ಓ ಅಂತಾರೆ. ಪಾಪ, ಅವರ ಮನೆ ಗಂಡಸರು ಈಗ ಹೊಳೆ ಕಡೆ ಹುಡುಕೋಕೆ ಹೋಗಿದ್ದಾರೆ. ಅವರೂ ಅಜ್ಜಾ ಅಂತಾನೇ ಕೂಗ್ತಿದ್ದಾರೆ. ಅಜ್ಜ ಇಲ್ಲಿಂದ ಓ ಅಂತಿದ್ದಾರೆ.

... ಅತ್ತೇನಾ? ಅವರು ಕೂಗೋದು, ರೀ ಇವರೇ, ಕೇಳಿಸ್ತಾ, ಅಂತ. ರೀ ಇವರೇ ಅಂದ್ರೆ ಬೆಟ್ಟದಲ್ಲಿ ಯಾರು ಬರ್ತಾರೆ ಹೇಳಿ.

... ಗಂಡನಿಗೆ ಮಾಡಿದೆ. ಅವನು ಮುಖಕ್ಕೆ ಗುರಾಣಿ ಹಾಕ್ಕೊಂಡು ವೆಲ್ಡಿಂಗ್ ಮಾಡ್ತಿರ್ತಾನೆ, ಭೂಮಿ ಬಿರಿದ್ರೂ ಎತ್ತಲ್ಲ.

... ಹೆಸರು ನಿಮಗೆ ಬೇಕೇ ಬೇಕಾ? ಹುಡುಕೋರು ಕೂಗೋಕೆ ಬೇಕು, ಸರಿ, ಅದು ನ್ಯಾಯ. ಹೀಗೆ ಮಾಡೋಣ. ನೀವು ಒಂದೊಂದೇ ಹೆಸರು ಹೇಳ್ತಾ ಹೋಗಿ, ನಾನು ಹಾಂ, ಊಹೂಂ ಅಂತೀನಿ. ಮೊದಲರ್ಧ ಆಗ್ಲೇ ಗೊತ್ತಾಯ್ತಲ್ಲ, ನಾಯಿಗೆ ಎಸೆಯೋದು. ಅದಕ್ಕೆ ಬಾಲ ಸೇರಿಸಿ... ಊಹೂಂ... ಊಹೂಂ, ಅವರು ನಮ್ಮ ಪಕ್ಕದ್ಮನೆಯೋರು... ಅದು ಹೆಂಗಸಿನ ಹೆಸರಲ್ವಾ?... ಹತ್ತಿರ ಬಂದ್ರಿ. ಬಾಲ ಸರಿ, ನಡು ಉದ್ದ ಆಗ್ಬೇಕು... ಹಾಂ. ಅದೇ. ಅದೇ ಕಣಮ್ಮ, ಭೇಷ್. ನಿಮ್ಮನ್ನ ಮದುವೆ ಆಗೋನು ಪುಣ್ಯವಂತ.

... ನಾನಾ? ನಾನು ಕೂಗೋದಾ?... ಆಗಲ್ಲಮ್ಮ... ಜೀಪು ಬರೋದು ತಡ, ಗೊತ್ತು. ಅವರು ಹತ್ತಿರದಲ್ಲೇ ಇರ್ತಾರೆ, ಗೊತ್ತು. ಜನ ತಮ್ಮ ಹೆಸರಿಗೆ ಬೇಗ ತಿರುಗ್ತಾರೆ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಕಾರು ಮೋರೀಲಿದೆ. ಆದ್ರೂ ಬಾಯಿ ಬರಲ್ಲ ನಾಜಿಕ್. ಹೆದರಿಕೆ ಅಲ್ಲ. ಮದುವೆ ಆದ ದಿನದಿಂದ ಬೀಗ ಹಾಕಿಟ್ಟ ಕೋಣೆ ಅದು. ಬೀಗದ ಕೈ ಎಲ್ಲಿಟ್ಟೆ ಅಂತ ನನಗೇ ಮರೆತುಹೋಗಿದೆ.

... ಹಾಂ, ಅದು ಒಳ್ಳೇ ಉಪಾಯ. ಸ್ಪೀಕರ್ ಹಾಕ್ತೀನಿ, ಫೋನ್ ಮೇಲೆತ್ತಿ ಹಿಡೀತೀನಿ, ನೀವೇ ಕೂಗಿ. ಅತ್ತೆ, ಇದು ನಾನಲ್ಲ, ಸರ್ಕಾರ ಕೂಗೋದು. ಹೂಂ, ಕೂಗಿ ನಾಜಿಕ್... ಇನ್ನೂ ಜೋರಾಗಿ... ಉಪಯೋಗ ಇಲ್ಲಮ್ಮ. ಹೊಳೆ ಸದ್ದಲ್ಲಿ ಸೊಳ್ಳೆ ಗುಂಯ್ ಅಂದಂಗಾಯ್ತು.

... ಇದೇನು ತಲೆ ಮೇಲೆ ಬೀಳ್ತಿದೆ. ಅಯ್ಯೋ ಶುರುವಾಯ್ತು... ಮಳೆ ಅಲ್ಲ, ಆಲಿ... ಆಲಿ... ಆಲಿಗುಂಡು. ಬಟಾಣಿ ಗಾತ್ರ ಇದೆ. ಅತ್ತೆ, ಕಾರೊಳಗೆ ಹೋಗಿ ಕೂತ್ಕೊಳ್ಳಿ... ಹೋಗಲ್ವಂತೆ.

... ಇರಿ, ಹೊಳೆ ಕಡೆಯಿಂದ ಯಾರೋ ಬರ್ತಿದ್ದಾರೆ. ಆ ಮನೆಯೋರೇ. ಕೈಲಿ ಏನೋ ಹಿಡ್ಕೊಂಡಿದ್ದಾರೆ... ಟೋಪಿ.

... ಟೋಪಿ ನಾಜಿಕ್. ಮಾವನ ಕಲ್ಪಾಕ್. ನೀರಿನ ಅಂಚಲ್ಲಿ ಬಿದ್ದಿತ್ತಂತೆ. ಒದ್ದೆ ಆಗಿದೆ. ನಮ್ಮ ಮಾವ ಮಲಗುವಾಗ ಕೂಡ ಅದನ್ನ ನೆಲಕ್ಕಿಡಲ್ಲ, ಗೂಟಕ್ಕೆ ಹಾಕ್ತಾರೆ. ಅದು ನೆಲದಲ್ಲಿ ಬಿದ್ದಿತ್ತಂತೆ.

... ಇಲ್ಲ, ಅವರು ಕಾಣಿಸ್ಲಿಲ್ಲವಂತೆ. ಟೋಪಿ ಮಾತ್ರ... ಅತ್ತೆ, ಬೇಡ. ಈಗ್ಲೇ ಹಾಡಿ ಅಳೋಕೆ ಶುರು ಮಾಡ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ... ಟೋಪೀನ ಎದೆಗೆ ಅವುಚ್ಕೊಂಡು ಕೂತುಬಿಟ್ರು. ಬಾಯಿ ಅಲ್ಲಾಡ್ತಿದೆ, ಮಾತು ಬರ್ತಿಲ್ಲ. ರೀ ಇವರೇ ಅನ್ನೋದೂ ಬರ್ತಿಲ್ಲ.

... ನಾಜಿಕ್, ಲೈನಲ್ಲಿ ಇದ್ದೀರಾ? ಬರ್ಕೊಳ್ಳಿ. ಕಲ್ಲು. ಕಲ್ಲು, ಕಲ್ಲು, ಕಲ್ಲು. ನಾನು ಕಲ್ಲಿನ ಮೇಲೆ ನಿಂತಿದ್ದೀನಿ. ಇದು ಜೆಟಿ-ತಾಶ್, ಏಳು ಕಲ್ಲಿನ ಕಣಿವೆ. ಬೀಳ್ತಿರೋದು ಆಲಿಕಲ್ಲು. ಟೋಪಿ ಬಿಳಿ, ಅಪ್ಪಟ ಬಿಳಿ. ಕಾರು ರಸ್ತೆ ಪಕ್ಕದ ಮೋರೀಲಿದೆ. ರಸ್ತೆ. ದೊಡ್ಡ ಭಾವ ಏನು ಬೇಕಾದ್ರೂ ಅಂದ್ಕೊಳ್ಳಲಿ. ಸಂಸಾರಕ್ಕೆ ಮರ್ಯಾದೆ ಬೇಕು ನಿಜ, ಮರ್ಯಾದೆ ಹಾಕಿಸ್ಕೊಳ್ಳೋಕೆ ಮನುಷ್ಯನೂ ಬೇಕಲ್ಲ. ನನಗೆ ಆ ಮುದುಕರು ಬೇಕು. ಬೈದ್ರೂ ಬೇಕು. ಫೋನ್ ಕಿವಿಯಿಂದ ದೂರ ಇಟ್ಕೊಳ್ಳಿ.

... ತಾಶ್ತಾನ್‌ಬೆಕ್!

... ತಾಶ್ತಾನ್‌ಬೆಕ್! ಓ ತಾಶ್ತಾನ್‌ಬೆಕ್!

... ಷ್. ತಡೀರಿ... ಇಲ್ಲ, ಅದು ಬೆಟ್ಟ. ತಿರುಗಿ ಹೇಳ್ತು ಅಷ್ಟೇ. ಬೆಟ್ಟಕ್ಕೇನು, ಅದಕ್ಕೆ ಮಾವನೂ ಇಲ್ಲ, ಅತ್ತೇನೂ ಇಲ್ಲ, ಎಷ್ಟು ಸಲ ಬೇಕಾದ್ರೂ ಹೇಳುತ್ತೆ.

... ಇನ್ನೊಂದ್ಸಲ ಕೂಗ್ತೀನಿ. ತಾಶ್ತಾನ್‌... ಇರಿ. ಇರಿ ನಾಜಿಕ್. ಕೇಳಿಸ್ತಾ? ಓ ಅಂದ ಹಾಗಾಯ್ತು... ಅಲ್ಲ, ಹಣ್ಣಿನ ಅಜ್ಜ ಅಲ್ಲ, ಅವರು ಕಂಬಳಿ ಹೊದ್ದು ಮುದುಡಿ ಕೂತಿದ್ದಾರೆ. ಕೆಳಗಿಂದ, ಹೊಳೆ ಅಂಚಿಂದ. ಪೊದೆ ಅಲ್ಲಾಡ್ತಿದೆ. ಕಂದು ಕೋಟು.

... ಬಂದ್ರು. ಬಂದ್ರು ಕಣಮ್ಮ. ಬರಿತಲೇಲಿ ಬರ್ತಿದ್ದಾರೆ, ಕೂದಲೆಲ್ಲ ಕೆದರ್ಕೊಂಡು. ಎರಡೂ ಕಾಲಲ್ಲಿ ನಡ್ಕೊಂಡೇ ಬರ್ತಿದ್ದಾರೆ... ಅಳ್ತಿಲ್ಲ ನಾನು. ಆಲಿಕಲ್ಲು ಕಣ್ಣ ಮೇಲೆ ಬಿತ್ತು.

... ಏಟೇನೂ ಇಲ್ಲ. ಇಲ್ಲೇ ಕೆಳಗೆ ಇದ್ದಾರೆ, ಹೇಳ್ತಿರೋದು ಕೇಳಿಸ್ತಿದೆ. ಕುದುರೆಯೋರು ಸಿಗ್ಲಿಲ್ಲವಂತೆ. ವಾಪಸ್ ಬರುವಾಗ ಗಾಳಿಗೆ ಟೋಪಿ ಹಾರ್ತಂತೆ. ಅದನ್ನ ಹುಡುಕ್ತಾ ಹುಡುಕ್ತಾ, ಮುಂದೆ ಬೆಳ್ಳಗೆ ಉದ್ದಕ್ಕೆ ಕಾಣಿಸ್ತಲ್ಲ, ಅದೇ ರಸ್ತೆ ಅಂದ್ಕೊಂಡ್ರಂತೆ. ಹೊಳೆ ನೊರೆ ಅದು, ನಾಜಿಕ್. ನೀರನ್ನ ಬಿಳೀ ರಸ್ತೆ ಅಂದ್ಕೊಂಡು, ಕಾಲು ಎತ್ತಿದ್ದರಂತೆ ಇಡೋಕೆ. ಅಷ್ಟರಲ್ಲಿ ಯಾರೋ ಹೆಸರು ಹಿಡಿದು ಕೂಗಿದ್ದು ಕೇಳಿ ನಿಂತ್ರಂತೆ.

... ಅಪ್ಪಾ ಅಂತ ಕೂಗಿದ್ದೂ ಕೇಳಿಸಿತ್ತಂತೆ. ಯಾರದೋ ಮಕ್ಕಳು ಯಾರನ್ನೋ ಕರೀತಿದ್ದಾರೆ, ಎಂಥಾ ಬೇಜವಾಬ್ದಾರಿ ಮುದುಕನಪ್ಪ, ಮಕ್ಕಳು ಇಷ್ಟು ಕೂಗಿದ್ರೂ ಓ ಅನ್ನಲ್ವಲ್ಲ, ಅಂತ ಬೈಕೊಂಡ್ರಂತೆ.

... ಈಗ ಮುಖ ಗಂಟಾಯ್ತು. ಬಂತು ನೋಡಿ. ಅತ್ತೇನ ಕೇಳ್ತಿದ್ದಾರೆ, ನನ್ನ ಹೆಸರು ಕೂಗಿದ್ದು ಯಾರು ಅಂತ. ಹೆಣ್ಣು ದನಿ ಆಗಿತ್ತು ಅಂತಿದ್ದಾರೆ. ಹೊಳೆ ಸದ್ದಲ್ಲಿ ಅಷ್ಟೇ ಗೊತ್ತಾಗಿರೋದು. ಮುಗೀತು ನಾಜಿಕ್, ನನ್ನ ಕಥೆ ಮುಗೀತು. ಇವತ್ತಿಂದ ಬೀದಿಯೋರಿಗೆ ಅತ್ತೆ ಏನು ಹೇಳ್ತಾರೋ.

... ತಡೀರಿ. ಅತ್ತೆ ಎದ್ದು ನಿಂತ್ರು. ನನ್ನ ಕಡೆ ಒಂದು ಸಲ ನೋಡಿದ್ರು.

... ನಾನೇ ಕೂಗಿದ್ದು ಅಂದ್ರು.

... ಅಲ್ಲ ನಾಜಿಕ್, ನಾನಲ್ಲ. ಅತ್ತೆ. ಅತ್ತೆ ಹೇಳ್ತಿದ್ದಾರೆ ತಾವೇ ಕೂಗಿದ್ದು ಅಂತ. ಟೋಪಿ ಮಾವನ ತಲೆಗೆ ಹಾಕ್ತಾ, ನಾನೇ ಕೂಗ್ದೆ, ಏನಿವಾಗ, ಅಂದ್ರು.

... ಮಾವ ಹಂಗೇ ನಿಂತಿದ್ದಾರೆ. ಕೋಪ ಅಲ್ಲ. ಕಿವಿ ಕೆಂಪಗಾಗಿದೆ, ಇಲ್ಲಿಂದಲೇ ಕಾಣಿಸ್ತಿದೆ. ಆಲಿಕಲ್ಲು ಬೀಳ್ತಿರೋದೂ ಗೊತ್ತಿಲ್ಲ ಅವರಿಗೆ. ಮೂರು ಉದ್ಯಾನ ತೋರಿಸ್ದೆ, ಎಲ್ಲೂ ಹಿಂಗೆ ಬಾಯಿ ಬಿಟ್ಕೊಂಡು ನಿಂತಿರ್ಲಿಲ್ಲ ಮುದುಕರು.

... ಹಾಂ, ಜೀಪು ಬೇಕು, ಬರ್ಲಿ, ಕಾರು ಎಳೀಬೇಕಲ್ಲ. ಇರಿ, ಮಾವ ಏನೋ ಕೇಳ್ತಿದ್ದಾರೆ ಅತ್ತೇನ, ತೀರಾ ಮೆಲ್ಲಗೆ. ಇನ್ನೊಂದ್ಸಲ ಹೇಳು ಅಂತಿದ್ದಾರೆ.

... ನಿಜ ಕಣಮ್ಮ. ಇನ್ನೊಂದ್ಸಲ ಹೇಳು ಅಂತ. ಅತ್ತೆ ನನ್ನ ಕಡೆ ನೋಡ್ತಿದ್ದಾರೆ. ನಾನೇನು ಮಾಡ್ಲಿ? ನನ್ನ ದನಿ ಈಗ ಅವರಿಗೆ ಸಾಲ ಕೊಡೋಕಾಗುತ್ತಾ? ತಲೆಗೆ ಕಟ್ಟಿದ ವಸ್ತ್ರದ ತುದಿ ಬಾಯಿಗೆ ಹಿಡ್ಕೊಂಡ್ರು. ಬಿಟ್ರು. ಹೇಳ್ತಾರೆ ಅನ್ಸುತ್ತೆ. ಹೇಳ್ತಾರೆ ನಾಜಿಕ್.

... ಇಲ್ಲಿಂದ ಕೇಳಿಸಲ್ಲ. ಹೊಳೆ ಸದ್ದು... ಗೊತ್ತು, ಇಳಿದ್ರೆ ಲೈನ್ ಹೋಗುತ್ತೆ. ಹೋದ್ರೆ ಹೋಗ್ಲಿ ಬಿಡಿ. ಇದನ್ನ ನಾನು ಹತ್ತಿರದಿಂದ ಕೇಳ್ಬೇಕು. ಈ ಕಲ್ಲಿಂದ ಇಳೀತಿದ್ದೀನಿ ನಾಜಿಕ್, ಅತ್ತೆ ಬಾಯಿ ತೆಗೆದ್ರು, ತಾ...